ಮನೆಯಲ್ಲಿ ಸೈಕಲ್ ರಿಪೇರಿಗೆ ಯಾವ ಸ್ಟ್ಯಾಂಡ್? ಸೊಂಟ, ಮಂಡಿ, ಬೆರಳು ಮೂರನ್ನೂ ಕಾಪಾಡಿಕೊಳ್ಳಿ

🌿 *ಮನೆಮಂದಿಯ ಆರೋಗ್ಯ – ಲೇಖನ ಮಾಲೆ* 🌿



ಸೈಕಲ್ ಸ್ಟ್ಯಾಂಡಿಗೂ ಆರೋಗ್ಯಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ಆಮೇಲೆ ವಿಷಯಕ್ಕೆ ಬರೋಣ.

ಕಳೆದ ಬೇಸಿಗೆ ರಜೆಗೆ ಮಾವನವರು ಗದಗಿನಿಂದ ಪುಣೆಗೆ ಬಂದಿದ್ದರು. ವಯಸ್ಸು 68. ಮೊಮ್ಮಗನ ಸೈಕಲ್ಲಿನ ಬ್ರೇಕು ಸಡಿಲವಾಗಿದೆ, ಚೈನು ಕಿರುಗುಟ್ಟುತ್ತಿದೆ ಅಂತ ಗೊತ್ತಾದದ್ದೇ ತಡ, ಬೆಳಿಗ್ಗೆ ಎದ್ದು ಚಹಾ ಕುಡಿದವರು ಬಾಲ್ಕನಿಯಲ್ಲಿ ಸೈಕಲ್ಲನ್ನು ತಲೆಕೆಳಗೆ ಮಾಡಿ ಕುಕ್ಕರುಗಾಲಲ್ಲಿ ಕೂತೇಬಿಟ್ಟರು. "ಮಾವಾ, ಅಂಗಡಿಗೆ ಕೊಡೋಣ" ಅಂದೆ. "ಏನ್ ಆಗತೈತಿ ಬಿಡವಾ, ಎಷ್ಟ ಸೈಕಲ್ ಬಿಚ್ಚಿ ಜೋಡಸೀನಿ ನಾ" ಅಂದರು. ಮುಕ್ಕಾಲು ಗಂಟೆ ಹಾಗೇ ಬಗ್ಗಿ ಕೂತು, ಎದ್ದವರೇ ಸೈಕಲ್ಲನ್ನು ಎತ್ತಿ ಒಂದು ಪಕ್ಕಕ್ಕೆ ತಿರುಗಿದರು. ಅಷ್ಟೇ. ಸೊಂಟ ಹಿಡಿದುಕೊಂಡು ಅಲ್ಲೇ ಗೋಡೆಗೆ ಒರಗಿದರು.

ಅವರನ್ನು ಮಲಗಿಸುವ ಗಡಿಬಿಡಿಯಲ್ಲಿ ಸೈಕಲ್ಲನ್ನು ಯಾರೂ ನೋಡಲಿಲ್ಲ. ಹಿಂದಿನ ಬ್ರೇಕಿನ ವೈರು ಬಿಚ್ಚಿದಂತೆಯೇ ಇತ್ತು. ಸಂಜೆ ಮಗ ಅದೇ ಸೈಕಲ್ ತೆಗೆದುಕೊಂಡು ಸೊಸೈಟಿಯ ಇಳಿಜಾರಿನಲ್ಲಿ ಇಳಿದ. ನಿಲ್ಲಿಸಿದ್ದ ಕಾರಿಗೆ ಬಡಿದು ಗಲ್ಲಕ್ಕೆ ಎರಡು ಹೊಲಿಗೆ ಬಿತ್ತು. ದೊಡ್ಡದಾಗಲಿಲ್ಲ ಅನ್ನುವುದೇ ಪುಣ್ಯ.

ಒಂದೇ ದಿನ ಮನೆಯಲ್ಲಿ ಇಬ್ಬರಿಗೆ ನೋವು. ಎರಡಕ್ಕೂ ಕಾರಣ ಒಂದೇ: ಸೈಕಲ್ಲನ್ನು ಸರಿಯಾಗಿ ನಿಲ್ಲಿಸಿಕೊಂಡು ಕೆಲಸ ಮಾಡಲು ಏನೂ ಇರಲಿಲ್ಲ. ಆಮೇಲೆ ಕೂತು ವಿಚಾರಿಸಿ, ನಾಲ್ಕಾರು ಅಂಗಡಿ ಸುತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

*1. ಬಗ್ಗಿ ಕೆಲಸ ಮಾಡಿದರೆ ಸೊಂಟಕ್ಕೆ ಏನಾಗುತ್ತದೆ?*

ಬೆನ್ನುಮೂಳೆಯ ಎರಡೆರಡು ಮಣಿಗಳ ನಡುವೆ ಮೆತ್ತನೆಯ ಡಿಸ್ಕ್ ಇದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ ಅವರು ಆ ಡಿಸ್ಕಿನೊಳಗೆ ಎಷ್ಟು ಒತ್ತಡ ಬೀಳುತ್ತದೆ ಅಂತ ಸೂಜಿ ಇಟ್ಟು ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಅಂತ ಇಟ್ಟುಕೊಂಡರೆ, ಮುಂದಕ್ಕೆ ಬಾಗಿದಾಗ ಅದು ಸುಮಾರು 150 ಆಗುತ್ತದೆ. ಬಾಗಿಕೊಂಡೇ ಭಾರ ಎತ್ತಿದರೆ 200 ದಾಟುತ್ತದೆ.

ಇನ್ನೂ ಎರಡು ವಿಷಯ ನೆನಪಿಡಿ.

▪️ ರಾತ್ರಿ ಮಲಗಿದ್ದಾಗ ಡಿಸ್ಕು ನೀರು ಹೀರಿಕೊಂಡು ಉಬ್ಬಿರುತ್ತದೆ. ಹಾಗಾಗಿ ಎದ್ದ ಮೊದಲ ಒಂದು ಗಂಟೆಯಲ್ಲಿ ಬಗ್ಗಿದರೆ ಅದಕ್ಕೆ ಹೆಚ್ಚು ಪೆಟ್ಟು. ಭಾನುವಾರ ಎದ್ದ ಕೂಡಲೇ ಸೈಕಲ್ ಕೆಲಸಕ್ಕೆ ಕೂರಬೇಡಿ. ಸ್ನಾನ, ತಿಂಡಿ, ಸ್ವಲ್ಪ ಓಡಾಟ ಮುಗಿಯಲಿ.

▪️ ಬಹಳ ಹೊತ್ತು ಬಗ್ಗಿ ಕೂತರೆ ಬೆನ್ನಿನ ಹಿಂಭಾಗದ ಕಟ್ಟುಗಳು ಹಿಗ್ಗಿ ಸಡಿಲವಾಗಿರುತ್ತವೆ. ಆ ಸ್ಥಿತಿಯಲ್ಲಿ ಎದ್ದ ತಕ್ಷಣ ಭಾರ ಎತ್ತುವುದು, ಅದರಲ್ಲೂ ಸೊಂಟ ತಿರುಗಿಸಿ ಎತ್ತುವುದು ಬಲು ಅಪಾಯ. ಮಾವನವರು ಮಾಡಿದ್ದು ಇದನ್ನೇ. ಎದ್ದು ಒಂದೆರಡು ನಿಮಿಷ ನೆಟ್ಟಗೆ ನಿಂತು, ನಾಲ್ಕು ಹೆಜ್ಜೆ ಓಡಾಡಿ, ಆಮೇಲೆ ಎತ್ತಬೇಕು.

ಮಂಡಿನೋವು ಇರುವವರಿಗೆ ಕುಕ್ಕರುಗಾಲು ಇನ್ನೂ ಕಷ್ಟ. ಮಂಡಿ ಪೂರ್ತಿ ಮಡಚಿದಾಗ ಚಿಪ್ಪಿನ ಹಿಂದೆ ಒತ್ತಡ ಬಹಳ ಏರುತ್ತದೆ. ಊರಿನಲ್ಲಿ ಹೊಲ, ಅಂಗಳ, ಅಡುಗೆಮನೆ ಅಂತ ದಿನವೂ ಕೂತೆದ್ದು ರೂಢಿ ಇತ್ತು. ಇಲ್ಲಿ ಸೋಫಾ, ಕುರ್ಚಿ, ಲಿಫ್ಟ್ ಆಗಿ ಹತ್ತು ವರ್ಷವಾಗಿರುತ್ತದೆ. ಮೈ ಆ ರೂಢಿಯನ್ನು ಮರೆತಿದೆ, ಮನಸ್ಸು ಮಾತ್ರ ಮರೆತಿಲ್ಲ.

*2. ಸೈಕಲ್ಲನ್ನು ತಲೆಕೆಳಗೆ ಮಾಡಿದರೆ ಏನು ತಪ್ಪು?*

ನಾವೆಲ್ಲ ಚಿಕ್ಕಂದಿನಿಂದ ಮಾಡಿದ್ದು ಅದನ್ನೇ. ಪಂಕ್ಚರ್ ಹಾಕುವ ಹತ್ತು ನಿಮಿಷಕ್ಕೆ ಪರವಾಗಿಲ್ಲ. ಹೆಚ್ಚು ಹೊತ್ತಿನ ಕೆಲಸಕ್ಕೆ ಬೇಡ.

▪️ ಕೆಲಸ ನೆಲಮಟ್ಟಕ್ಕೆ ಇಳಿಯುತ್ತದೆ, ಬಗ್ಗಲೇಬೇಕು.
▪️ ಬ್ರೇಕ್ ಹಿಡಿ, ಬೆಲ್ಲು, ಗೇರ್ ಬಟನ್ ನೆಲಕ್ಕೆ ಒತ್ತಿ ಹಾಳಾಗುತ್ತವೆ. ಗೇರ್ ಬದಲಿಸಿ ನೋಡಲೂ ಆಗುವುದಿಲ್ಲ.
▪️ ಎಣ್ಣೆ ತುಂಬಿದ ಹೈಡ್ರಾಲಿಕ್ ಬ್ರೇಕ್ ಇದ್ದರೆ, ಒಳಗಿನ ಗಾಳಿಗುಳ್ಳೆ ಪೈಪಿಗೆ ಸೇರಿ ಬ್ರೇಕು ಮೆತ್ತಗಾಗಬಹುದು.
▪️ ಎಲ್ಲಕ್ಕಿಂತ ಮುಖ್ಯ ಮಕ್ಕಳು. ತಲೆಕೆಳಗಾದ ಸೈಕಲ್ಲಿನ ಪೆಡಲು ಸರಿಯಾಗಿ ಮಗುವಿನ ಕೈಯೆತ್ತರಕ್ಕೆ ಬರುತ್ತದೆ. ಒಂದು ಮಗು ಪೆಡಲು ತಿರುಗಿಸುತ್ತದೆ, ಇನ್ನೊಂದು ಚೈನು ಮುಟ್ಟುತ್ತದೆ. ಚೈನು ಮತ್ತು ಹಲ್ಲಿನ ಚಕ್ರದ ನಡುವೆ ಬೆರಳು ಸಿಕ್ಕರೆ ತುದಿಯೇ ತುಂಡಾಗಬಹುದು. ಕೈ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಇದು ಹೊಸ ವಿಷಯವೇನಲ್ಲ.

*3. ಹೊಸದು ಕೊಳ್ಳುವ ಮೊದಲು ಮನೆಯಲ್ಲಿರುವುದನ್ನು ನೋಡಿ*

ನಿಮ್ಮ ಮನೆಯಲ್ಲಿ ಹಳೆಯ ಕಪ್ಪು ಸೈಕಲ್ ಇದ್ದರೆ, ಹಿಂದಿನ ಚಕ್ರದ ಡಬಲ್ ಸ್ಟ್ಯಾಂಡ್ ಹಾಕಿ ನೋಡಿ. ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಪೆಡಲು ತಿರುಗಿಸಿ ಚೈನಿಗೆ ಎಣ್ಣೆ ಬಿಡಲು, ಹಿಂದಿನ ಬ್ರೇಕ್ ನೋಡಲು ಅಷ್ಟೇ ಸಾಕು. ಈಗಿನ ಸೈಕಲ್ಲುಗಳಿಗೆ ಬರುವ ಒಂಟಿ ಕಾಲಿನ ಸೈಡ್ ಸ್ಟ್ಯಾಂಡಿನಲ್ಲಿ ಆ ಅನುಕೂಲ ಇಲ್ಲ. ಅದಕ್ಕೇ ಈ ಪ್ರಶ್ನೆ ಎದ್ದಿರುವುದು.

ಊರಿನ ಸೈಕಲ್ ಶಾಪುಗಳಲ್ಲಿ ತೊಲೆಗೋ ಮರದ ಕೊಂಬೆಗೋ ಹಗ್ಗ, ಕೊಕ್ಕೆ ಇಳಿಬಿಟ್ಟು ಸೈಕಲ್ಲನ್ನು ನೇತುಹಾಕಿ ಕೆಲಸ ಮಾಡುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಮನೆಯಲ್ಲಿ ತೂಗುಮಣೆಯ ಕೊಕ್ಕೆಗಳಿದ್ದರೆ ಅದೇ ಉಪಾಯ ನಡೆಯುತ್ತದೆ. ಇಬ್ಬರು ಕೂತು ತೂಗುವ ಕೊಕ್ಕೆಗೆ 15 ಕೆಜಿ ಸೈಕಲ್ ಭಾರವೇ ಅಲ್ಲ. ಗಟ್ಟಿ ಹಗ್ಗದ ಎರಡು ಕುಣಿಕೆ ಮಾಡಿ, ಒಂದನ್ನು ಸೀಟಿನ ಕೆಳಗೆ, ಇನ್ನೊಂದನ್ನು ಹ್ಯಾಂಡಲ್ಲಿನ ನಡುವೆ ಹಾಕಿ. ಕೊಕ್ಕೆಗೆ ತುಕ್ಕು ಹಿಡಿದಿದೆಯೇ ಮೊದಲು ನೋಡಿ. ಸೈಕಲ್ ತೂಗಾಡುತ್ತದೆ, ಹಾಗಾಗಿ ಬಲ ಹಾಕಿ ಬಿಚ್ಚುವ ಕೆಲಸಕ್ಕೆ ಇದು ಬೇಡ. ತೊಳೆಯುವುದು, ಎಣ್ಣೆ, ಬ್ರೇಕ್ ತಿರುವುದು ಇಷ್ಟಕ್ಕೆ ಸಾಕು.

❌ ಫ್ಯಾನಿನ ಕೊಕ್ಕೆ, ಬಟ್ಟೆ ಒಣಹಾಕುವ ರಾಟೆ, ಪರದೆಯ ಕಂಬಿ, ಕಿಟಕಿಯ ಗ್ರಿಲ್ಲು ಇವಕ್ಕೆ ಸೈಕಲ್ ನೇತುಹಾಕಬೇಡಿ.

*4. ಅಂಗಡಿಯಲ್ಲಿ ಸಿಗುವ ನಾಲ್ಕು ಬಗೆ*

ಅಂಗಡಿಗೆ ಹೋಗಿ ಬರೀ "ಸೈಕಲ್ ಸ್ಟ್ಯಾಂಡ್ ಕೊಡಿ" ಅಂದರೆ ಸೈಡ್ ಸ್ಟ್ಯಾಂಡ್ ತೋರಿಸುತ್ತಾರೆ. "ರಿಪೇರಿ ಸ್ಟ್ಯಾಂಡ್" ಅಥವಾ "ವರ್ಕ್ ಸ್ಟ್ಯಾಂಡ್" ಅನ್ನಿ. ದೆಹಲಿಯವರು ಝಂಡೇವಾಲಾನ್ ಸೈಕಲ್ ಮಾರುಕಟ್ಟೆಗೆ ಹೋದರೆ ಹಲವು ಬಗೆ ಒಂದೇ ಕಡೆ ಹೋಲಿಸಿ ನೋಡಬಹುದು.

*ಅ) ಹಿಂದಿನ ಚಕ್ರದ ಗಿಡ್ಡ ಸ್ಟ್ಯಾಂಡ್*
ಕಬ್ಬಿಣದ ಕಂಬಿ ಬಗ್ಗಿಸಿ ಮಾಡಿದ್ದು. ಹಿಂದಿನ ಚಕ್ರದ ನಟ್ಟಿನ ಎರಡೂ ಕಡೆ ಅಥವಾ ಚಕ್ರದ ಪಕ್ಕದ ಪೈಪುಗಳಿಗೆ ಸಿಕ್ಕಿಸುವುದು. ಬೆಲೆ ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ. ಬಾಗಿಲ ಹಿಂದೆ ಇಡಬಹುದು. ಚೈನು, ಗೇರು, ಹಿಂದಿನ ಬ್ರೇಕಿಗೆ ಒಳ್ಳೆಯದು. ಕೊರತೆ ಏನೆಂದರೆ ಸೈಕಲ್ ನಾಲ್ಕು ಬೆರಳಿನಷ್ಟೇ ಮೇಲೇಳುತ್ತದೆ, ನೀವು ಕೆಳಗೇ ಕೂರಬೇಕು. ಕುಕ್ಕರುಗಾಲಲ್ಲಿ ಕೂರುವ ಬದಲು ಒಂದು ಮಣೆ ಅಥವಾ ಗಿಡ್ಡ ಸ್ಟೂಲ್ ಹಾಕಿಕೊಂಡರೆ ಮಂಡಿಗೆ ಎಷ್ಟೋ ಆರಾಮ.

*ಆ) ಮಡಚುವ ಕ್ಲ್ಯಾಂಪ್ ಸ್ಟ್ಯಾಂಡ್*
ಕೆಳಗೆ ಕಾಲುಗಳು, ನಡುವೆ ಉದ್ದ ಮಾಡಬಹುದಾದ ಕಂಬ, ಮೇಲೆ ಇಕ್ಕಳದಂತಹ ಹಿಡಿ. ಸೀಟಿನ ಪೈಪನ್ನು ಹಿಡಿದು ಇಡೀ ಸೈಕಲ್ಲನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ. ನಿಂತೇ ಕೆಲಸ ಮಾಡಬಹುದು. ಎರಡೂ ಚಕ್ರ ತಿರುಗುತ್ತವೆ, ಸೈಕಲ್ಲನ್ನು ಓರೆ ಮಾಡಬಹುದು. ಬೆಲೆ ಕೆಲವು ಸಾವಿರ. ಸೊಂಟ, ಮಂಡಿ ತೊಂದರೆ ಇರುವ ಮನೆಗೆ ಇದೇ ಸರಿ.

*ಇ) ಅಚ್ಚು ಹಿಡಿಯುವ ಸ್ಟ್ಯಾಂಡ್*
ಒಂದು ಚಕ್ರ ಬಿಚ್ಚಿ, ಅದರ ಅಚ್ಚಿನ ಜಾಗವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪೆಡಲಿನ ನಡುಭಾಗವನ್ನು ಒಂದು ಆಧಾರದ ಮೇಲೆ ಕೂರಿಸುವುದು. ಪೈಪನ್ನು ಎಲ್ಲೂ ಒತ್ತಿ ಹಿಡಿಯುವುದಿಲ್ಲ. ಕಾರ್ಬನ್ ಚೌಕಟ್ಟಿನ ದುಬಾರಿ ಸೈಕಲ್ ಇರುವವರಿಗೆ ಸೂಕ್ತ. ಪ್ರತಿ ಸಲ ಚಕ್ರ ಬಿಚ್ಚುವ ಕೆಲಸ ಇದ್ದೇ ಇದೆ. ಮನೆ ಬಳಕೆಗೆ ಇಷ್ಟು ಬೇಕಾಗುವುದಿಲ್ಲ.

*ಈ) ಗೋಡೆಗೆ ಅಥವಾ ಮೇಜಿಗೆ ಜೋಡಿಸುವ ಕ್ಲ್ಯಾಂಪ್*
ಜಾಗ ಉಳಿಯುತ್ತದೆ, ಅಲುಗಾಡುವುದಿಲ್ಲ. ಸ್ವಂತ ಮನೆ, ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆ ಇದ್ದರೆ ಮಾತ್ರ. ಬಾಡಿಗೆ ಮನೆಯಲ್ಲಿ ಮಾಲೀಕರನ್ನು ಕೇಳದೆ ತೂತು ಹೊಡೆದರೆ ಡಿಪಾಸಿಟ್ಟಿನಲ್ಲಿ ಕಡಿತ ಗ್ಯಾರಂಟಿ. ಟೊಳ್ಳು ಇಟ್ಟಿಗೆ, ಜಿಪ್ಸಮ್ ಹಲಗೆಯ ಗೋಡೆಗಳಲ್ಲಿ ಬೋಲ್ಟು ಭಾರ ತಡೆಯದೆ ಕಿತ್ತು ಬರಬಹುದು.

*5. ಕ್ಲ್ಯಾಂಪ್ ಸ್ಟ್ಯಾಂಡ್ ಕೊಳ್ಳುವಾಗ ಪರೀಕ್ಷಿಸಬೇಕಾದ 7 ವಿಷಯ*

✅ *ಭಾರ:* ಮೊದಲು ನಿಮ್ಮ ಸೈಕಲ್ಲಿನ ತೂಕ ತಿಳಿದುಕೊಳ್ಳಿ. ತೂಕದ ಯಂತ್ರದ ಮೇಲೆ ನೀವು ಸೈಕಲ್ ಎತ್ತಿಕೊಂಡು ನಿಂತು, ಬಂದ ತೂಕದಲ್ಲಿ ನಿಮ್ಮ ತೂಕ ಕಳೆಯಿರಿ. ಸಾಧಾರಣ ಗೇರ್ ಸೈಕಲ್ 13ರಿಂದ 16 ಕೆಜಿ, ಹಳೆಯ ಕಪ್ಪು ಸೈಕಲ್ 20 ಕೆಜಿ ಆಸುಪಾಸು, ಬ್ಯಾಟರಿ ಸೈಕಲ್ ಅದಕ್ಕೂ ಹೆಚ್ಚು. ಸ್ಟ್ಯಾಂಡಿನ ಮೇಲೆ ಬರೆದ ಮಿತಿ ಅದಕ್ಕಿಂತ 8-10 ಕೆಜಿಯಾದರೂ ಹೆಚ್ಚಿರಲಿ. ಬ್ಯಾಟರಿ ಸೈಕಲ್ಲಾದರೆ ಬ್ಯಾಟರಿ ತೆಗೆದಿಟ್ಟೇ ಎತ್ತಿ.

✅ *ಕಾಲು:* ಮೂರು ಕಾಲಿನದು ಏರುತಗ್ಗು ನೆಲದಲ್ಲೂ ಕುಂಟದೆ ನಿಲ್ಲುತ್ತದೆ. ಎರಡು ಕಾಲಿನದಕ್ಕೆ ಜಾಗ ಕಡಿಮೆ ಸಾಕು, ನೆಲ ಮಾತ್ರ ಸಮ ಇರಬೇಕು. ಸೈಕಲ್ ನೇತಾಡುವ ಕಡೆಗೇ ಕಾಲು ಚಾಚಿರಬೇಕು, ಇಲ್ಲವಾದರೆ ಮಗುಚುತ್ತದೆ. ನಮ್ಮ ಫ್ಲಾಟುಗಳಲ್ಲಿ ಟೈಲ್ಸ್ ಜಾರುತ್ತದೆ, ಅಡಿಯಲ್ಲಿ ರಬ್ಬರ್ ಇದೆಯೇ ನೋಡಿ.

✅ *ಹಿಡಿ:* ಒಳಗೆ ದಪ್ಪ ರಬ್ಬರ್ ಇರಬೇಕು. ಸೀಟ್ ಪೈಪಿನ ಅಳತೆ ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರ್. ಹಿಡಿ ಅದಕ್ಕೆ ಸರಿಹೊಂದಬೇಕು. ಮಕ್ಕಳ ಸೈಕಲ್ಲಿನ ಪೈಪು ಇನ್ನೂ ಸಣ್ಣ, ಅದನ್ನೂ ಹಿಡಿಯುತ್ತದೆಯೇ ಕೇಳಿ.

✅ *ಎತ್ತರ:* ಕಂಬ ನಿಮ್ಮ ಎತ್ತರಕ್ಕೆ ತಕ್ಕಂತೆ ಏರಿಳಿಯಬೇಕು. ಮನೆಯಲ್ಲಿ ಯಾರು ಕೆಲಸ ಮಾಡುತ್ತಾರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.

✅ *ಬೀಗ:* ಕಂಬ, ಹಿಡಿ ಎರಡರ ಲಾಕೂ ಒಂದೇ ಕೈಯಲ್ಲಿ ತಿರುಗಬೇಕು. ಇನ್ನೊಂದು ಕೈಯಲ್ಲಿ ನೀವು ಸೈಕಲ್ ಹಿಡಿದಿರುತ್ತೀರಿ.

✅ *ಅಲುಗಾಟ:* ಪೂರ್ತಿ ಬಿಡಿಸಿ, ಹಿಡಿಯನ್ನು ಹಿಡಿದು ಅಲುಗಾಡಿಸಿ. ಸ್ವಲ್ಪ ಬಾಗಿದರೆ ಪರವಾಗಿಲ್ಲ, ಕಟಕಟ ಸದ್ದು ಬಂದರೆ, ಕಾಲು ಎದ್ದರೆ ಬೇಡ.

✅ *ಮಡಚಿದ ಉದ್ದ:* ಮನೆಯಿಂದಲೇ ಮಂಚದ ಅಡಿಯ ಉದ್ದವನ್ನೋ ಬೀರುವಿನ ಪಕ್ಕದ ಸಂದನ್ನೋ ಅಳೆದುಕೊಂಡು ಹೋಗಿ. ಇಡಲು ಜಾಗವಿಲ್ಲದ ಸ್ಟ್ಯಾಂಡು ಆರು ತಿಂಗಳಲ್ಲಿ ಬಟ್ಟೆ ಒಣಹಾಕುವ ಕಂಬವಾಗುತ್ತದೆ.

*6. ಯಾರ ಮನೆಗೆ ಯಾವುದು?*

🔹 ಒಂದೇ ಮಗುವಿನ ಸೈಕಲ್, ತಿಂಗಳಿಗೊಮ್ಮೆ ಎಣ್ಣೆ: ಗಿಡ್ಡ ಸ್ಟ್ಯಾಂಡ್ ಮತ್ತು ಒಂದು ಮಣೆ.
🔹 ಮನೆಯಲ್ಲಿ ಎರಡು ಮೂರು ಸೈಕಲ್, ನೀವೇ ಬ್ರೇಕು ಗೇರು ನೋಡಿಕೊಳ್ಳುವವರು: ಮಡಚುವ ಕ್ಲ್ಯಾಂಪ್ ಸ್ಟ್ಯಾಂಡ್.
🔹 ಸೊಂಟ, ಮಂಡಿ ನೋವಿನವರು: ಕ್ಲ್ಯಾಂಪ್ ಸ್ಟ್ಯಾಂಡ್. ಆದರೆ ಸೈಕಲ್ಲನ್ನು ಅದರ ಮೇಲೆ ಎತ್ತಿಕೊಡಲು ಮನೆಯಲ್ಲಿ ಇನ್ನೊಬ್ಬರು ಇರಬೇಕು. ಎತ್ತಿಕೊಡುವವರಿಲ್ಲದಿದ್ದರೆ ಗಿಡ್ಡ ಸ್ಟ್ಯಾಂಡೇ ವಾಸಿ.
🔹 ಒಂದು ಕೋಣೆಯ ಮನೆ, ಹತ್ತಿರದಲ್ಲೇ ಒಳ್ಳೆಯ ಸೈಕಲ್ ಅಂಗಡಿ: ಏನನ್ನೂ ಕೊಳ್ಳಬೇಡಿ. ಆ ದುಡ್ಡಿನಲ್ಲಿ ಎಷ್ಟೋ ಸಲ ಸರ್ವಿಸ್ ಮಾಡಿಸಬಹುದು.

ಸೊಸೈಟಿಯಲ್ಲಿ ನಾಲ್ಕೈದು ಮನೆಯವರು ಸೇರಿ ಒಂದು ಸ್ಟ್ಯಾಂಡ್ ಕೊಂಡು ಸರದಿಯಲ್ಲಿ ಬಳಸಿದರೂ ಆಯಿತು.

*7. ಎಷ್ಟು ಎತ್ತರಕ್ಕೆ ನಿಲ್ಲಿಸಬೇಕು?*

ಸುಲಭ ಲೆಕ್ಕ ನಿಮ್ಮ ಮೊಣಕೈ. ನೇರ ನಿಂತು ಮೊಣಕೈ ಮಡಚಿ.

▪️ ಕಣ್ಣಿಟ್ಟು ನೋಡಬೇಕಾದ ಸಣ್ಣ ಕೆಲಸ (ಗೇರ್ ತಿರುವುದು, ಬ್ರೇಕ್ ವೈರು): ಆ ಭಾಗ ಮೊಣಕೈಗಿಂತ ನಾಲ್ಕು ಬೆರಳು ಮೇಲೆ.
▪️ ಒರೆಸುವುದು, ಎಣ್ಣೆ ಬಿಡುವುದು: ಮೊಣಕೈಗಿಂತ ಒಂದು ಗೇಣು ಕೆಳಗೆ.

ಕೆಲಸದ ಭಾಗ ಬದಲಾದಂತೆ ಸೈಕಲ್ಲನ್ನು ಏರಿಳಿಸಿ. ಸೈಕಲ್ ನಿಮ್ಮ ಹತ್ತಿರಕ್ಕೆ ಬರಲಿ, ನೀವು ಅದರ ಹತ್ತಿರಕ್ಕೆ ಬಗ್ಗಬೇಡಿ. 20 ನಿಮಿಷಕ್ಕೊಮ್ಮೆ ಸ್ಪ್ಯಾನರ್ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ಹಿಂದಕ್ಕೆ ಬಾಗಿ ನೆಟ್ಟಗಾಗಿ.

*8. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕುವ ಕ್ರಮ*

1️⃣ ಸೀಟಿನ ಪೈಪು ಎಲ್ಲಿವರೆಗೆ ಒಳಗಿದೆಯೋ ಅಲ್ಲಿ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ. ಹಿಡಿಗೆ ಜಾಗ ಸಾಲದಿದ್ದರೆ ಸೀಟನ್ನು ಸ್ವಲ್ಪ ಮೇಲೆತ್ತಿ. ಪೈಪಿನ ಮೇಲಿರುವ ಕೊನೆಯ ಗೆರೆ ಮೀರಬೇಡಿ.

2️⃣ ಸ್ಟ್ಯಾಂಡಿನ ಹಿಡಿಯನ್ನು ಮೊದಲೇ ಆದಷ್ಟು ಕೆಳಗೆ ಇಳಿಸಿ, ಬಾಯಿ ತೆರೆದಿಡಿ.

3️⃣ ಸೈಕಲ್ಲಿನ ಪಕ್ಕಕ್ಕೆ ಅಂಟಿಕೊಂಡಂತೆ ನಿಂತು, ಮಂಡಿ ಮಡಚಿ, ಬೆನ್ನು ನೇರವಾಗಿಟ್ಟು ಎತ್ತಿ. ತಿರುಗಬೇಕಾದರೆ ಪಾದ ಸರಿಸಿ, ಸೊಂಟ ತಿರುಗಿಸಬೇಡಿ. 15 ಕೆಜಿ ಮೀರಿದ ಸೈಕಲ್ಲಿಗೆ ಇಬ್ಬರು ಬೇಕು.

4️⃣ ಹಿಡಿ ಯಾವಾಗಲೂ ಸೀಟ್ ಪೈಪಿಗೇ ಇರಲಿ. ಚೌಕಟ್ಟಿನ ಪೈಪುಗಳು ತೆಳು. ಅಲ್ಯೂಮಿನಿಯಂ ಆದರೆ ತಗ್ಗು ಬೀಳುತ್ತದೆ, ಕಾರ್ಬನ್ ಆದರೆ ಒಳಗೇ ಸೀಳುತ್ತದೆ. ಆ ಸೀಳು ಕಣ್ಣಿಗೆ ಕಾಣುವುದಿಲ್ಲ, ಒಂದು ದಿನ ಓಡಿಸುವಾಗ ಮುರಿಯುತ್ತದೆ.

5️⃣ ಮುಂದಿನ ಚಕ್ರ ತಿರುಗಿ ಮುಖಕ್ಕೆ ಬಡಿಯದಂತೆ ಚೌಕಟ್ಟಿಗೆ ಒಂದು ಪಟ್ಟಿ ಕಟ್ಟಿ.

6️⃣ ಬಿಗಿದು ಕೂತ ಪೆಡಲನ್ನು ಸ್ಟ್ಯಾಂಡಿನ ಮೇಲಿಟ್ಟು ಬಿಚ್ಚಬೇಡಿ, ಸ್ಟ್ಯಾಂಡ್ ಮಗುಚುತ್ತದೆ. ಎರಡೂ ಚಕ್ರ ನೆಲದ ಮೇಲಿದ್ದಾಗ ಬಿಚ್ಚಿ. ಎಡಗಡೆಯ ಪೆಡಲಿನ ಮರೆ ಉಲ್ಟಾ ಅನ್ನುವುದು ನೆನಪಿರಲಿ.

7️⃣ ಕೆಲಸ ಮುಗಿದ ಮೇಲೆ ಸೀಟನ್ನು ಟೇಪಿನ ಗುರುತಿಗೇ ಇಳಿಸಿ. ಸೀಟು ಬಹಳ ತಗ್ಗಿದ್ದರೆ ತುಳಿಯುವಾಗ ಮಂಡಿ ನೋಯುತ್ತದೆ. ಸರಿಯಾದ ಎತ್ತರ ನೋಡಲು ಸೀಟಿನ ಮೇಲೆ ಕೂತು, ಪೆಡಲು ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ತುಸುವೇ ಮಡಚಿರುತ್ತದೆ.

*9. ಸ್ಟ್ಯಾಂಡ್ ಬಂದ ಮೇಲೆ ತಿಂಗಳಿಗೊಮ್ಮೆ 15 ನಿಮಿಷ*

▪️ *ಬ್ರೇಕ್:* ಹಿಡಿಯನ್ನು ಪೂರ್ತಿ ಒತ್ತಿದರೂ ಅದು ಹ್ಯಾಂಡಲ್ಲಿಗೆ ತಾಗಬಾರದು. ಬ್ರೇಕ್ ರಬ್ಬರಿನ ಗೀರುಗಳು ಅಳಿಸಿಹೋಗಿದ್ದರೆ ಬದಲಿಸಿ.
▪️ *ಚಕ್ರ:* ತಿರುಗಿಸಿ ಬಿಡಿ. ಒಂದೇ ಕಡೆ ಬ್ರೇಕಿಗೆ ಉಜ್ಜಿದರೆ ಬೆಂಡ್ ಆಗಿದೆ, ಅಂಗಡಿಯಲ್ಲಿ ಬೆಂಡ್ ತೆಗೆಸಿ. ಕಡ್ಡಿಗಳನ್ನು ಒಂದೊಂದೇ ಮುಟ್ಟಿ ನೋಡಿ, ಸಡಿಲ ಇದ್ದರೆ ಗೊತ್ತಾಗುತ್ತದೆ.
▪️ *ಚೈನು:* ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಡಿ. ಅದನ್ನು ಬಿಟ್ಟು ಎಣಿಸಿದರೆ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಒಂದೂವರೆ ಮಿಲಿಮೀಟರಿನಷ್ಟು ದಾಟಿದ್ದರೆ ಚೈನು ಸವೆದಿದೆ, ಬದಲಿಸಿ.
▪️ *ಗಾಳಿ:* ಎಷ್ಟು ಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.
▪️ *ಎಣ್ಣೆ:* ಚೈನಿಗೆ ಮಾತ್ರ, ಹನಿ ಹನಿಯಾಗಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ರಿಮ್ಮಿಗೋ ಡಿಸ್ಕಿಗೋ ಎಣ್ಣೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಅಡುಗೆ ಎಣ್ಣೆ ಬೇಡ, ಜಿಗುಟಾಗಿ ಧೂಳು ಹಿಡಿಯುತ್ತದೆ. ಮುಂಬೈ ಮಳೆ, ಚೆನ್ನೈನ ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿಯವರು 15 ದಿನಕ್ಕೊಮ್ಮೆ ನೋಡಿ.

⚠️ *ಕೆಲಸ ಅರ್ಧಕ್ಕೆ ನಿಂತರೆ* ಸೈಕಲ್ಲಿಗೆ ಬೀಗ ಹಾಕಿ, ಹ್ಯಾಂಡಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ. "ಕೆಂಪು ಬಟ್ಟೆ ಇದ್ದರೆ ಮುಟ್ಟಬಾರದು" ಅಂತ ಮಕ್ಕಳಿಗೆ ಹೇಳಿಡಿ. ಇಷ್ಟು ಮಾಡಿದ್ದರೆ ನನ್ನ ಮಗನಿಗೆ ಹೊಲಿಗೆ ಬೀಳುತ್ತಿರಲಿಲ್ಲ.

*10. ಫ್ಲಾಟಿನಲ್ಲಿರುವವರು ಗಮನಿಸಿ*

▪️ ಬಾಲ್ಕನಿಯ ಅಂಚಿನಲ್ಲಿ ಸ್ಟ್ಯಾಂಡ್ ಇಡಬೇಡಿ. ಎಂಟನೇ ಮಹಡಿಯಿಂದ ಬಿದ್ದ ಸ್ಪ್ಯಾನರ್ ಕೆಳಗಿನವರ ಜೀವ ತೆಗೆಯಬಲ್ಲದು. ಸ್ಟ್ಯಾಂಡು, ಸ್ಟೂಲು ಮಕ್ಕಳಿಗೆ ಕಟ್ಟೆ ಹತ್ತಲು ಏಣಿಯಾಗುತ್ತವೆ. ಕೆಲಸ ಮುಗಿದ ತಕ್ಷಣ ಒಳಗಿಡಿ.
▪️ ಕೋಣೆಯೊಳಗಾದರೆ ಫ್ಯಾನ್ ಆರಿಸಿ. ಸೈಕಲ್ಲನ್ನು ಓರೆ ಮಾಡಿದಾಗ ಮುಂದಿನ ಚಕ್ರ ರೆಕ್ಕೆಯವರೆಗೂ ಏರಬಹುದು.
▪️ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ. ಟೈಲ್ಸ್ ಮೇಲೆ ಬಿದ್ದ ಎಣ್ಣೆಯಲ್ಲಿ ಹಿರಿಯರು ಜಾರಿಬೀಳುತ್ತಾರೆ.
▪️ ಮನೆಯೊಳಗೆ ಪೆಟ್ರೋಲಿನಿಂದ ಚೈನು ತೊಳೆಯಬೇಡಿ. ಪಕ್ಕದಲ್ಲೇ ಗ್ಯಾಸ್ ಒಲೆ, ದೇವರ ದೀಪ ಇರುತ್ತದೆ.
▪️ ಸೀಮೆಎಣ್ಣೆಯನ್ನು ನೀರಿನ ಬಾಟಲಿಯಲ್ಲೋ ತಂಪು ಪಾನೀಯದ ಬಾಟಲಿಯಲ್ಲೋ ಇಡಲೇಬೇಡಿ. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದು ಇನ್ನೂ ಅಪಾಯ. ನೇರ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

*11. ಪೆಟ್ಟಾದರೆ ಏನು ಮಾಡಬೇಕು?*

🩹 *ಬೆರಳು ಚೈನಿಗೆ ಸಿಕ್ಕರೆ:* ಗಾಬರಿಯಲ್ಲಿ ಎಳೆಯಬೇಡಿ. ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ, ಬರದಿದ್ದರೆ ಚೈನು ಬಿಚ್ಚಿ ಬಿಡಿಸಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುದಿ ತುಂಡಾಗಿದ್ದರೆ ಆ ತುಂಡನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಡಿ. ತುಂಡಿಗೆ ಐಸ್ ನೇರ ತಾಗಬಾರದು. ಕೈ ಶಸ್ತ್ರಚಿಕಿತ್ಸೆ ಅಥವಾ ಪ್ಲಾಸ್ಟಿಕ್ ಸರ್ಜರಿ ಸೌಲಭ್ಯ ಇರುವ ಆಸ್ಪತ್ರೆಗೆ ಬೇಗ ಹೋಗಿ. ದೇಶದ ಎಲ್ಲೆಡೆ ತುರ್ತು ಸಂಖ್ಯೆ 112.

🩹 *ತುಕ್ಕು ಕಬ್ಬಿಣ ಕೊಯ್ದರೆ:* ಹರಿಯುವ ನೀರು, ಸೋಪಿನಿಂದ ತೊಳೆದು, ಟಿಟನಸ್ ಚುಚ್ಚುಮದ್ದು ಬೇಕೇ ಅಂತ ವೈದ್ಯರನ್ನು ಕೇಳಿ.

🩹 *ಸೊಂಟ ಹಿಡಿದರೆ:* ಮಾವನವರು ಮೊದಲ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ವೈದ್ಯರು ಬೈದರು. "ಮಲಗೇ ಇದ್ದರೆ ಇನ್ನೂ ಬಿಗಿಯುತ್ತದೆ, ತಡೆಯುವಷ್ಟು ಓಡಾಡಿ" ಅಂದರು. ಸಾಧಾರಣ ಸೊಂಟನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಬಿಸಿ ಶಾಖ ಹಿತ ಕೊಡುತ್ತದೆ. ನೋವಿನ ಮಾತ್ರೆಯನ್ನು ನೀವೇ ತೆಗೆದುಕೊಳ್ಳಬೇಡಿ, ಅದರಲ್ಲೂ ಬಿಪಿ, ಸಕ್ಕರೆ, ಮೂತ್ರಪಿಂಡದ ತೊಂದರೆ ಇರುವವರು.

🚨 *ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ:* ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಆಸನದ ಭಾಗ ಮರಗಟ್ಟುವುದು, ಕಾಲಿನ ಶಕ್ತಿ ಕುಂದುವುದು, ನೋವಿನ ಜೊತೆ ಜ್ವರ. ನೋವು ಮಂಡಿಯ ಕೆಳಗೆ ಇಳಿದು ಜೋಮು ಹಿಡಿದರೂ ವೈದ್ಯರಿಗೆ ತೋರಿಸಿ. ವಯಸ್ಸಾದವರು ಬಿದ್ದು ಸೊಂಟ ನೋವಾದರೆ "ಉಳುಕು" ಅಂತ ಎಣ್ಣೆ ಹಚ್ಚಿ ಉಜ್ಜುತ್ತಾ ಕೂರಬೇಡಿ, ಎಕ್ಸ್‌ರೇ ಮಾಡಿಸಿ.

*ಕೊನೆಯದಾಗಿ*

ಊರಿನಲ್ಲಿ ಬ್ರೇಕು ಸಡಿಲವಾದರೆ ಸರ್ಕಲ್ಲಿನ ಸೈಕಲ್ ಶಾಪಿನವರು ನೋಡಿದ ಕೂಡಲೇ ಕರೆದು, ದುಡ್ಡು ಕೇಳದೆ ಎರಡು ತಿರುವು ಬಿಗಿದು ಕಳಿಸುತ್ತಿದ್ದರು. ಇಲ್ಲಿ ನಮ್ಮ ಮಕ್ಕಳ ಸೈಕಲ್ಲಿಗೆ ಆ ಕಣ್ಣು ನಾವೇ ಆಗಬೇಕು.

ನಾವು ಕೊನೆಗೆ ಮೂರು ಕಾಲಿನ ಮಡಚುವ ಸ್ಟ್ಯಾಂಡ್ ಕೊಂಡೆವು. ದೀಪಾವಳಿಗೆ ಮಾವನವರು ಮತ್ತೆ ಬಂದಾಗ ಸೈಕಲ್ ಎತ್ತಿ ಹಾಕಿದ್ದು ನನ್ನ ಯಜಮಾನರು. ಮಾವನವರು ಎತ್ತರದ ಸ್ಟೂಲಿನ ಮೇಲೆ ಕೂತು ಮೊಮ್ಮಗನಿಗೆ ಬ್ರೇಕ್ ವೈರು ಬಿಗಿಯುವುದನ್ನು ಕಲಿಸಿದರು. ಈಗ ಹತ್ತು ವರ್ಷದ ಅವನೇ ಪ್ರತಿ ತಿಂಗಳು ನೋಡಿಕೊಳ್ಳುತ್ತಾನೆ, ನಾವು ಪಕ್ಕದಲ್ಲಿ ನಿಂತಿರುತ್ತೇವೆ.

ಈ ಭಾನುವಾರ ಸ್ಟ್ಯಾಂಡ್ ಕೊಳ್ಳದಿದ್ದರೂ ಪರವಾಗಿಲ್ಲ. ಕೆಳಗೆ ಹೋಗಿ ಮಗುವಿನ ಸೈಕಲ್ಲಿನ ಎರಡೂ ಬ್ರೇಕ್ ಒಂದು ಸಲ ಒತ್ತಿ ನೋಡಿ ಬನ್ನಿ.

🙏 ಮನೆಯಲ್ಲಿ ಸೈಕಲ್ ಇರುವ, ಊರಿಂದ ಹಿರಿಯರು ಬಂದು ಹೋಗುವ ಎಲ್ಲ ಕನ್ನಡ ಕುಟುಂಬಗಳಿಗೂ ಇದನ್ನು ಕಳಿಸಿ. ಇದು ಸಾಮಾನ್ಯ ಮಾಹಿತಿ ಮಾತ್ರ. ಈಗಾಗಲೇ ಬೆನ್ನು, ಮಂಡಿಯ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ನಿಮ್ಮ ವೈದ್ಯರ ಮಾತನ್ನೇ ಪಾಲಿಸಿ.